ಬಾಗಿಲು ಹಾಕಿದ ಹೋಂಸ್ಟೇ, ಸರ್ಚ್‌ನಲ್ಲಿ ಮಾತ್ರ ತೆರೆದೇ ಇತ್ತು

ಹೋದ ಮಳೆಗಾಲದಲ್ಲಿ ಸಂಸೆಯ ಒಂದು ಹೋಂಸ್ಟೇ ವಾರದ ಮಟ್ಟಿಗೆ ಬಾಗಿಲು ಹಾಕಿತು. ಮನೆಯ ಹಿಂದಿನ ದರೆ ಜರಿಯುವ ಹಾಗಿತ್ತು, ಅದಕ್ಕೇ. ಮನೆಯವರು ಬೆಳಗ್ಗೆ ಒಂಬತ್ತಕ್ಕೇ ಆನ್‌ಲೈನ್ ಪಟ್ಟಿಯಲ್ಲಿ 'ಸದ್ಯ ಮುಚ್ಚಿದೆ' ಅಂತ ಗುರುತು ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಹೋಯಿತು, ಹಿಂದೆಯೇ ಮೊಬೈಲ್ ಟವರೂ ಮಲಗಿತು. ಸಂಜೆ ಏಳಕ್ಕೆ, ಸುರಿಯುವ ಮಳೆಯಲ್ಲಿ, ಬೆಂಗಳೂರಿನಿಂದ ಹೊರಟ ಕುಟುಂಬವೊಂದು ಗೇಟಿನ ಮುಂದೆ ಬಂದು ನಿಂತಿತು. ಜೊತೆಗೆ ಇಬ್ಬರು ಮಕ್ಕಳು. ಫೋನ್ ಹತ್ತಿರಲಿಲ್ಲ, ಆದರೆ ಹುಡುಕಿದಾಗ ಪಟ್ಟಿಯಲ್ಲಿ 'ತೆರೆದಿದೆ' ಅಂತ ಇತ್ತಲ್ಲ, ಅದನ್ನೇ ನಂಬಿ ಹೊರಟಿದ್ದರು.

ಆ ಪಟ್ಟಿ ನಡೆಸುವವನು ನನ್ನ ಚಿಕ್ಕಪ್ಪನ ಮಗ. ಕಳಸ, ಸಂಸೆ, ಕುದುರೆಮುಖ ಸುತ್ತಲಿನ ಹೋಂಸ್ಟೇ, ಬಾಡಿಗೆ ಜೀಪು, ಗೈಡ್‌ಗಳ ವಿವರ ಅದರಲ್ಲಿದೆ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾದ್ದರಿಂದ, ಕಂಪ್ಯೂಟರ್ ಕೆಟ್ಟಾಗ ಮನೆಮಂದಿಗೆ ನೆನಪಾಗುವುದು ನಾನೇ. "ಅಣ್ಣಾ, ಡೇಟಾಬೇಸಲ್ಲಿ ಮುಚ್ಚಿದೆ ಅಂತಲೇ ಇದೆ. ಸರ್ಚಲ್ಲಿ ಮಾತ್ರ ತೆರೆದಿದೆ ಅಂತ ಬರ್ತಿದೆ. ಯಾವುದು ಸುಳ್ಳು?" ಅಂತ ಕೇಳಿದ.

ಎರಡೂ ಸುಳ್ಳಲ್ಲ. ಒಂದು ಹೊಸತು, ಇನ್ನೊಂದು ಹಳತು. ಅಷ್ಟೇ.

ಇದು ಒಂದು ಹೋಂಸ್ಟೇ ಪಟ್ಟಿಯ ಕತೆ ಮಾತ್ರ ಅಲ್ಲ. ಸುದ್ದಿತಾಣಗಳು, ಸರ್ಕಾರಿ ಪೋರ್ಟಲ್‌ಗಳು, ಗ್ರಂಥಾಲಯದ ಕ್ಯಾಟಲಾಗ್‌ಗಳು, ಎಲ್ಲೆಲ್ಲಿ ಹುಡುಕುವ ಪೆಟ್ಟಿಗೆ ಇದೆಯೋ ಅಲ್ಲೆಲ್ಲ ಒಂದೇ ಮಾಹಿತಿಯ ಎರಡು ಪ್ರತಿಗಳು ಇರುವ ಸಾಧ್ಯತೆ ಹೆಚ್ಚು. ಮೊದಲನೆಯದು ಡೇಟಾಬೇಸ್. ಅದು ಅಸಲು ಲೆಕ್ಕದ ಪುಸ್ತಕ. ಎರಡನೆಯದು ಸರ್ಚ್ ಇಂಡೆಕ್ಸ್. ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿ ನೋಡಿದ್ದೀರಲ್ಲ, 'ಬಸದಿ: ಪುಟ 14, 92, 210' ಅಂತ, ಹೆಚ್ಚುಕಡಿಮೆ ಅದೇ. ಪ್ರತಿ ಪದಕ್ಕೂ ಅದು ಯಾವ ಯಾವ ದಾಖಲೆಯಲ್ಲಿದೆ ಎಂಬ ಪಟ್ಟಿಯನ್ನು ಮೊದಲೇ ಮಾಡಿ ಇಟ್ಟಿರುತ್ತದೆ. 'ಸಂಸೆ ಜೀಪು' ಅಂತ ಟೈಪ್ ಮಾಡಿದರೆ ಎಲ್ಲ ದಾಖಲೆಗಳನ್ನು ಮೊದಲಿಂದ ಓದುವುದಿಲ್ಲ. 'ಸಂಸೆ'ಯ ಪಟ್ಟಿ, 'ಜೀಪು' ಪಟ್ಟಿ, ಎರಡನ್ನೂ ತೆಗೆದು ಎರಡರಲ್ಲೂ ಇರುವುದನ್ನು ಕೊಡುತ್ತದೆ. ಅದಕ್ಕೇ ಅಷ್ಟು ವೇಗ. ತೊಂದರೆ ಏನೆಂದರೆ, ಪುಸ್ತಕ ತಿದ್ದಿದಾಗ ಪದಸೂಚಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಯಾರಾದರೂ ಅದಕ್ಕೆ ಹೇಳಬೇಕು. ಆ 'ಹೇಳುವ' ಕೆಲಸ ನಿಮ್ಮ ಅಪ್ಲಿಕೇಶನ್ ಕೋಡಿನದು.

ತಮ್ಮನ ಸೈಟಿನಲ್ಲಿ ಅದನ್ನು ದಿನಕ್ಕೆ ಒಂದೇ ಸಲ ಹೇಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ಇಡೀ ಇಂಡೆಕ್ಸ್ ಅಳಿಸಿ ಮತ್ತೆ ಕಟ್ಟುವುದು. ಸೈಟ್ ಮಾಡಿಕೊಟ್ಟ ಡೆವಲಪರ್ ಈ ಘಟನೆ ಆದ ಮೇಲೆ ಮಾರನೆಯ ದಿನವೇ ಅದನ್ನು ತದ್ವಿರುದ್ಧ ಮಾಡಿಟ್ಟ. ಯಾರು ಏನೇ ಉಳಿಸಿದರೂ ಆ ಕ್ಷಣವೇ ಇಂಡೆಕ್ಸಿಗೆ ಬರೆದು, 'ಈಗಲೇ ಕಾಣಿಸು' ಅಂತ ಒತ್ತಾಯ ಮಾಡುವುದು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಸೀಸನ್ ಶುರುವಾಯಿತು, ಸರ್ಚ್ ಏದುಸಿರು ಬಿಡತೊಡಗಿತು.

ಯಾಕೆ ಅಂತ ತಿಳಿಯಲು ಇಂಡೆಕ್ಸಿನ ಒಳಗೆ ಸ್ವಲ್ಪ ಇಣುಕಬೇಕು.

ಇವತ್ತು ಬಳಕೆಯಲ್ಲಿರುವ ಎಲಾಸ್ಟಿಕ್‌ಸರ್ಚ್, ಸೋಲರ್, ಓಪನ್‌ಸರ್ಚ್ ಎಲ್ಲದರ ಹೊಟ್ಟೆಯೊಳಗೆ ಇರುವುದು ಒಂದೇ ಎಂಜಿನ್: ಲೂಸೀನ್. ಡಗ್ ಕಟಿಂಗ್ 1999ರಲ್ಲಿ ಬರೆದದ್ದು. ಸೋಲರ್ 2004ರಲ್ಲಿ ಶುರುವಾಯಿತು, ಎಲಾಸ್ಟಿಕ್‌ಸರ್ಚ್ ಮೊದಲು ಬಿಡುಗಡೆಯಾದದ್ದು 2010ರಲ್ಲಿ. ಲೂಸೀನ್ ತನ್ನ ಪದಸೂಚಿಯನ್ನು 'ಸೆಗ್ಮೆಂಟ್' ಎಂಬ ತುಂಡುಗಳಲ್ಲಿ ಇಡುತ್ತದೆ. ಇದರ ಮುಖ್ಯ ಗುಣ ಇದು: ಒಮ್ಮೆ ಬರೆದ ಸೆಗ್ಮೆಂಟನ್ನು ಮತ್ತೆ ತಿದ್ದುವಂತಿಲ್ಲ.

ನಮ್ಮ ಕಡೆಯವರಿಗೆ ಕಾಫಿ ಮೂಟೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾದೀತು. ಮೂಟೆಯ ಬಾಯಿ ಹೊಲಿದಾಯಿತು. ಒಳಗಿನ ಒಂದು ಹಿಡಿ ಕಾಫಿ ಸರಿ ಇಲ್ಲ ಅಂತ ಆಮೇಲೆ ಗೊತ್ತಾದರೆ ಮೂಟೆ ಬಿಚ್ಚುವುದಿಲ್ಲ. 'ಈ ಮೂಟೆಯಲ್ಲಿ ಇಷ್ಟು ಲೆಕ್ಕಕ್ಕಿಲ್ಲ' ಅಂತ ಪುಸ್ತಕದಲ್ಲಿ ಗುರುತು ಹಾಕಿ, ಸರಿಯಾದದ್ದನ್ನು ಹೊಸ ಚೀಲಕ್ಕೆ ತುಂಬುತ್ತೀರಿ. ಗೋದಾಮಿನಲ್ಲಿ ಸಣ್ಣ ಚೀಲಗಳು ಜಾಸ್ತಿಯಾದಾಗ ಒಂದಷ್ಟನ್ನು ಸುರಿದು, ಲೆಕ್ಕಕ್ಕಿಲ್ಲದ್ದನ್ನು ಎಸೆದು, ದೊಡ್ಡ ಮೂಟೆ ಮಾಡುತ್ತೀರಿ. ಲೂಸೀನ್ ಮಾಡುವುದು ಇದನ್ನೇ. ಅಪ್‌ಡೇಟ್ ಎಂದರೆ ಅದಕ್ಕೆ ಹಳೆಯದಕ್ಕೆ 'ಅಳಿಸಿದೆ' ಎಂಬ ಗುರುತು ಹಾಕುವುದು ಮತ್ತು ಹೊಸದನ್ನು ಹೊಸ ಸೆಗ್ಮೆಂಟಿನಲ್ಲಿ ಬರೆಯುವುದು. ಸಣ್ಣ ಸೆಗ್ಮೆಂಟುಗಳನ್ನು ಕೂಡಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. 'ನಾನು ಬರೀ ದರ ಎಂಬ ಒಂದು ಫೀಲ್ಡ್ ಕಳಿಸುತ್ತೇನೆ, ಹಾಗಾಗಿ ಅದೊಂದೇ ಬದಲಾಗುತ್ತದೆ' ಅಂದುಕೊಳ್ಳುತ್ತಾರೆ. ಇಲ್ಲ. ಭಾಗಶಃ ಅಪ್‌ಡೇಟ್ ಕಳಿಸಿದರೂ ಎಂಜಿನ್ ಹಳೆಯ ದಾಖಲೆಯನ್ನು ತೆಗೆದು, ನೀವು ಕಳಿಸಿದ್ದನ್ನು ಸೇರಿಸಿ, ಇಡೀ ದಾಖಲೆಯನ್ನು ಮತ್ತೆ ಇಂಡೆಕ್ಸ್ ಮಾಡುತ್ತದೆ. ಸೋಲರ್‌ನಲ್ಲಿ ಕೆಲವು ಬಗೆಯ ಅಂಕಿಯ ಫೀಲ್ಡ್‌ಗಳಿಗೆ ವಿನಾಯಿತಿ ಇದೆ, ಆದರೆ ಸಾಮಾನ್ಯ ನಿಯಮ ಇದೇ. ಉಳಿಯುವುದು ನೆಟ್‌ವರ್ಕ್ ಖರ್ಚು ಮಾತ್ರ.

ಇನ್ನು 'ಈಗಲೇ ಕಾಣಿಸು' ಎಂಬ ಒತ್ತಾಯ. ಎಲಾಸ್ಟಿಕ್‌ಸರ್ಚ್‌ನಲ್ಲಿ ಇದಕ್ಕೆ ರಿಫ್ರೆಶ್ ಅನ್ನುತ್ತಾರೆ. ಏನೂ ಹೇಳದಿದ್ದರೆ ಅದು ಸೆಕೆಂಡಿಗೆ ಒಂದು ಸಲ ತಾನೇ ಮಾಡಿಕೊಳ್ಳುತ್ತದೆ. ಯಾರೂ 30 ಸೆಕೆಂಡು ಏನನ್ನೂ ಹುಡುಕದೆ ಇದ್ದರೆ ಅದನ್ನೂ ನಿಲ್ಲಿಸಿ ಸುಮ್ಮನಿರುವಷ್ಟು ಜಾಣತನ ಅದಕ್ಕಿದೆ. ಪ್ರತಿ ರಿಫ್ರೆಶ್‌ಗೂ ಒಂದು ಪುಟಾಣಿ ಸೆಗ್ಮೆಂಟ್ ಹುಟ್ಟುತ್ತದೆ. ಪ್ರತಿ ಉಳಿಕೆಗೂ ನೀವು ರಿಫ್ರೆಶ್ ಮಾಡಿಸಿದರೆ, ಪ್ರತಿ ಹಿಡಿ ಕಾಫಿಗೂ ಒಂದು ಚೀಲ ಹೊಲಿದ ಹಾಗೆ. ಹುಡುಕುವಾಗ ಅಷ್ಟೂ ಚೀಲಗಳನ್ನು ತಡಕಬೇಕು, ಹಿನ್ನೆಲೆಯಲ್ಲಿ ಅಷ್ಟನ್ನೂ ಕೂಡಿಸುತ್ತಿರಬೇಕು. ಸೋಲರ್‌ನಲ್ಲಿ ಇದೇ ತಪ್ಪು 'ಕಮಿಟ್' ಹೆಸರಿನಲ್ಲಿ ನಡೆಯುತ್ತದೆ. ಅಲ್ಲಿ ಕಮಿಟ್ ಎರಡು ಬಗೆ. ಸಾಫ್ಟ್ ಕಮಿಟ್ ಅಂದರೆ ಹುಡುಕುವವರ ಕಣ್ಣಿಗೆ ಕಾಣಿಸುವುದು, ಹಾರ್ಡ್ ಕಮಿಟ್ ಅಂದರೆ ಡಿಸ್ಕಿಗೆ ಗಟ್ಟಿಯಾಗಿ ಬರೆಯುವುದು. ಎರಡನ್ನೂ ಅಪ್ಲಿಕೇಶನ್ ಕೋಡಿನಿಂದ ಕರೆಯದೆ, ಸಮಯದ ಲೆಕ್ಕದಲ್ಲಿ ಸರ್ವರಿಗೇ ಬಿಡುವುದು ಒಳ್ಳೆಯದು.

ಉಳಿಸಿದವರಿಗೆ ತಮ್ಮ ಬದಲಾವಣೆ ತಕ್ಷಣ ಕಾಣಬೇಡವೇ? ಕಾಣಬೇಕು. ಆದರೆ ಅವರ ಪುಟವನ್ನು ಡೇಟಾಬೇಸಿನಿಂದ ತೋರಿಸಿ, ಸರ್ಚಿನಿಂದ ಬೇಡ. ಇಷ್ಟು ಮಾಡಿದರೆ ರಿಫ್ರೆಶ್ ಒತ್ತಾಯಿಸುವ ಅಗತ್ಯ ಬಹುಪಾಲು ಇರುವುದೇ ಇಲ್ಲ.

ಬದಲಾವಣೆಗಳನ್ನು ಒಟ್ಟು ಮಾಡಿ ಒಂದೇ ಸಲ ಕಳಿಸುವುದು ಎರಡನೇ ಉಳಿತಾಯ. ಬಲ್ಕ್ ಅಂತ ಅದಕ್ಕೆ ಹೆಸರು. ನೂರು ದಾಖಲೆಗೆ ನೂರು ಸಲ ಸಂಪರ್ಕಿಸುವ ಬದಲು ಒಂದು ಸಲ. ಒಂದು ಎಚ್ಚರಿಕೆ: ಬಲ್ಕ್ ಕೋರಿಕೆಗೆ ಸರ್ವರ್ '200, ಎಲ್ಲ ಸರಿ' ಅಂತ ಉತ್ತರ ಕೊಟ್ಟರೂ ಅದರೊಳಗಿನ ಮೂರು ದಾಖಲೆ ಸೋತಿರಬಹುದು. ಉತ್ತರದ ಒಳಗೆ ಪ್ರತಿಯೊಂದಕ್ಕೂ ಬೇರೆ ಫಲಿತಾಂಶ ಇರುತ್ತದೆ, ಅದನ್ನು ಬಿಡಿಸಿ ಓದಬೇಕು. ತಮ್ಮನ ಸೈಟಿನ ಕೋಡ್ ಓದುತ್ತಿರಲಿಲ್ಲ. 429 ಅಂತ ಬಂದರೆ ಸರ್ವರಿಗೆ ಸಾಕಾಗಿದೆ ಅಂತ ಅರ್ಥ; ತಡೆದು, ಅಂತರ ಹೆಚ್ಚಿಸುತ್ತಾ ಮತ್ತೆ ಕಳಿಸಬೇಕು.

ಇಷ್ಟೆಲ್ಲ ವೇಗದ ಮಾತಾಯಿತು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ನಂಬಿಕೆಯ ಮಾತು. ಕೋಡ್ ಮೊದಲು ಡೇಟಾಬೇಸಿಗೆ ಬರೆಯುತ್ತದೆ, ಆಮೇಲೆ ಇಂಡೆಕ್ಸಿಗೆ ಬರೆಯುತ್ತದೆ ಅಂತಿಟ್ಟುಕೊಳ್ಳಿ. ಎರಡರ ನಡುವೆ ಸರ್ವರ್ ಸತ್ತರೆ? ಡೇಟಾಬೇಸಿನಲ್ಲಿ 'ಮುಚ್ಚಿದೆ', ಇಂಡೆಕ್ಸಿನಲ್ಲಿ 'ತೆರೆದಿದೆ'. ಈ ಸಲ ರಾತ್ರಿ ಎರಡು ಗಂಟೆಯ ಕೆಲಸವೂ ಇಲ್ಲ. ಹಾಗಾಗಿ ಆ ತಪ್ಪು ಶಾಶ್ವತ. ಕ್ರಮ ತಿರುಗಿಸಿದರೆ ಇನ್ನೂ ಕೆಟ್ಟದ್ದು: ಡೇಟಾಬೇಸ್ ಒಪ್ಪದೆ ಹಿಂದೆ ಸರಿದ ಬದಲಾವಣೆ ಇಂಡೆಕ್ಸಿನಲ್ಲಿ ಕೂತಿರುತ್ತದೆ.

ಇದಕ್ಕೆ ಪರಿಹಾರ ಹೇಳಲು ನಾನು ಕಂದಾಯ ಇಲಾಖೆಯನ್ನು ಕರೆಯುತ್ತೇನೆ. ನಗಬೇಡಿ. ನಮ್ಮ ರಾಜ್ಯದಲ್ಲಿ ಜಮೀನಿನ ನೋಂದಣಿ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯ 'ಕಾವೇರಿ' ತಂತ್ರಾಂಶದಲ್ಲಿ, ಪಹಣಿ ಇರುವುದು 'ಭೂಮಿ'ಯಲ್ಲಿ. ಎರಡು ಪುಸ್ತಕ, ಎರಡು ಇಲಾಖೆ. ಕ್ರಯಪತ್ರ ನೋಂದಣಿಯಾದಾಗ ಜೆ-ಸ್ಲಿಪ್ ಎಂಬ ಸೂಚನೆ ಅಲ್ಲಿಂದ ಭೂಮಿಗೆ ಹೋಗುತ್ತದೆ, ಅದರ ಮೇಲೆ ಮ್ಯುಟೇಶನ್ ಶುರುವಾಗುತ್ತದೆ. ಕೊಂಡವರು ನೆನಪಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಹೇಳಲಿ ಅಂತ ಕಾಯುವುದಿಲ್ಲ. ನೋಂದಣಿ ಎಂಬ ಘಟನೆಯೇ ಸೂಚನೆಯನ್ನು ಹುಟ್ಟಿಸುತ್ತದೆ. ಮ್ಯುಟೇಶನ್ ಎಷ್ಟು ದಿನ ಕೂರುತ್ತದೆ ಅನ್ನೋದು ಬೇರೆ ಗೋಳು. ಆದರೆ ರಚನೆ ಸರಿಯಾಗಿದೆ.

ಸಾಫ್ಟ್‌ವೇರಿನಲ್ಲಿ ಇದಕ್ಕೆ ಔಟ್‌ಬಾಕ್ಸ್ ಅನ್ನುತ್ತಾರೆ. ಹೋಂಸ್ಟೇಯ ಸ್ಥಿತಿ ಬದಲಿಸುವ ಅದೇ ಡೇಟಾಬೇಸ್ ವ್ಯವಹಾರದೊಳಗೆ, ಇನ್ನೊಂದು ಟೇಬಲಿನಲ್ಲಿ 'ಇಂಥ ಸಂಖ್ಯೆಯ ದಾಖಲೆ ಬದಲಾಗಿದೆ' ಅಂತ ಒಂದು ಸಾಲು ಬರೆಯುವುದು. ಬರೆದರೆ ಎರಡೂ ಬರೆದಂತೆ, ಇಲ್ಲದಿದ್ದರೆ ಎರಡೂ ಇಲ್ಲ. ಬೇರೊಂದು ಪುಟ್ಟ ಪ್ರೋಗ್ರಾಂ ಕೆಲವು ಸೆಕೆಂಡಿಗೊಮ್ಮೆ ಆ ಟೇಬಲ್ ನೋಡಿ, ಸಿಕ್ಕಷ್ಟನ್ನು ಒಟ್ಟು ಮಾಡಿ, ಬಲ್ಕ್‌ನಲ್ಲಿ ಇಂಡೆಕ್ಸಿಗೆ ಕಳಿಸಿ, ಗೆದ್ದವುಗಳನ್ನು ಮಾತ್ರ ಅಳಿಸುತ್ತದೆ. ದೊಡ್ಡ ಸಂಸ್ಥೆಗಳು ಟೇಬಲ್ ಬದಲು ಡೇಟಾಬೇಸಿನ ಒಳಗಿನ ಲಾಗನ್ನೇ ಓದುತ್ತವೆ. ಡೆಬೀಜಿಯಂ, ಕಾಫ್ಕಾ ಎಲ್ಲ ಆ ಲೋಕದವು. ಸಂಸೆಯ ಹೋಂಸ್ಟೇ ಪಟ್ಟಿಗೆ ಕಾಫ್ಕಾ ತರುವುದು ಮೆಣಸಿನ ಬಳ್ಳಿ ಹತ್ತಲು ಕ್ರೇನ್ ತರಿಸಿದ ಹಾಗೆ.

ಔಟ್‌ಬಾಕ್ಸಿನ ಸಾಲಿನಲ್ಲಿ ದಾಖಲೆಯ ಸಂಖ್ಯೆ ಮಾತ್ರ ಇರಲಿ, ವಿವರ ಬೇಡ. ಕಳಿಸುವ ಹೊತ್ತಿಗೆ ಡೇಟಾಬೇಸಿನಿಂದ ತಾಜಾ ವಿವರ ಓದಿದರಾಯಿತು. ಮಾಲೀಕರು ಹತ್ತು ನಿಮಿಷದಲ್ಲಿ ಫೋಟೋ, ದರ, ಊಟದ ವಿವರ ಅಂತ ಏಳು ಸಲ ಉಳಿಸಿದರೂ, ಕಳಿಸುವ ಅಂತರವನ್ನು ಅದಕ್ಕೆ ತಕ್ಕಂತೆ ಇಟ್ಟರೆ ಇಂಡೆಕ್ಸಿಗೆ ಹೋಗುವುದು ಒಂದೇ ಸಲ. ಕಳಿಸುವ ಪ್ರೋಗ್ರಾಂ ಎರಡಿದ್ದರೆ ಹಳೆಯದು ತಡವಾಗಿ ಹೋಗಿ ಹೊಸದರ ಮೇಲೆ ಕೂರುವ ಅಪಾಯ ಇದೆ; ಅದಕ್ಕೆ ಪ್ರತಿ ದಾಖಲೆಗೂ ಏರುತ್ತಾ ಹೋಗುವ ಆವೃತ್ತಿ ಸಂಖ್ಯೆ ಕೊಡಿ. ಚಿಕ್ಕ ಸಂಖ್ಯೆ ಬಂದರೆ ಎಂಜಿನ್ ತಾನೇ ತಿರಸ್ಕರಿಸುತ್ತದೆ.

ಕೆಲವರು ಔಟ್‌ಬಾಕ್ಸ್ ಬದಲು 'ಕೊನೆಗೆ ಬದಲಾದ ಸಮಯ' ನೋಡಿ ಹೊಸದನ್ನು ಹೆಕ್ಕುತ್ತಾರೆ. ಸುಲಭ ದಾರಿ, ಎರಡು ತೂತು. 10:00:01ಕ್ಕೆ ಶುರುವಾಗಿ 10:00:05ಕ್ಕೆ ಮುಗಿದ ವ್ಯವಹಾರವನ್ನು 10:00:03ಕ್ಕೆ ನೋಡಿದವರು ಕಾಣುವುದಿಲ್ಲ, ಮುಂದಿನ ಸಲ 10:00:03ರ ನಂತರದ್ದನ್ನು ಕೇಳಿದಾಗಲೂ ಕಾಣುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಅಳಿಸಿದ ಸಾಲಿಗೆ 'ಕೊನೆಗೆ ಬದಲಾದ ಸಮಯ'ವೇ ಇಲ್ಲ, ಸಾಲೇ ಇಲ್ಲವಲ್ಲ! ಹಾಗಾಗಿ ಅಳಿಸಿದ್ದು ಇಂಡೆಕ್ಸಿನಲ್ಲಿ ದೆವ್ವದ ಹಾಗೆ ಉಳಿಯುತ್ತದೆ.

ಪತ್ರಕರ್ತನಾಗಿ ನನ್ನನ್ನು ಕಾಡುವುದು ಈ ದೆವ್ವಗಳೇ. ವರದಿಯೊಂದರ ತಲೆಬರಹದಲ್ಲಿ ಒಬ್ಬರನ್ನು 'ಆರೋಪಿ' ಅಂತ ಬರೆದಿರುತ್ತೇವೆ. ಆಮೇಲೆ ಹೆಸರು ತಪ್ಪಾಗಿತ್ತು ಅಂತ ತಿಳಿದು ತಿದ್ದುತ್ತೇವೆ, ಕೆಲವೊಮ್ಮೆ ವರದಿಯನ್ನೇ ತೆಗೆಯುತ್ತೇವೆ. ಪುಟ ತೆರೆದರೆ ಹೊಸತು ಕಾಣುತ್ತದೆ. ಆದರೆ ಸೈಟಿನ ಸರ್ಚಿನಲ್ಲಿ ಅವರ ಹೆಸರು ಹಾಕಿದರೆ ಹಳೆಯ ತಲೆಬರಹ ಹಾಗೇ ಬರುತ್ತದೆ. ಓದುವವರಲ್ಲಿ ಹೆಚ್ಚಿನವರು ಕ್ಲಿಕ್ ಮಾಡುವುದಿಲ್ಲ, ತಲೆಬರಹ ನೋಡಿ ಮುಂದೆ ಹೋಗುತ್ತಾರೆ. ಹೊಸ ವರದಿ ಸರ್ಚಿಗೆ ಹತ್ತು ನಿಮಿಷ ತಡವಾಗಿ ಬಂದರೆ ಯಾರ ಗಂಟೂ ಹೋಗುವುದಿಲ್ಲ. ತೆಗೆದ ವರದಿ ಹತ್ತು ನಿಮಿಷ ಜಾಸ್ತಿ ಇದ್ದರೆ ಒಬ್ಬರ ಮಾನ ಹೋಗುತ್ತದೆ. ಎಲ್ಲ ಅಪ್‌ಡೇಟ್‌ಗಳೂ ಸಮ ಅಲ್ಲ. ಅಳಿಸುವುದು, ಮುಚ್ಚುವುದು, ತಿದ್ದುಪಡಿ, ಇವುಗಳಿಗೆ ಬೇರೆ ಸಾಲು ಇರಬೇಕು, ಅದು ಮುಂದೆ ಓಡಬೇಕು. ಯಾವುದು ಯಾವ ಸಾಲಿಗೆ ಅಂತ ತೀರ್ಮಾನಿಸುವ ಹೊಣೆಯನ್ನು ಪ್ರೋಗ್ರಾಮರ್ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ, ಅದು ಸಂಪಾದಕರ ಕೆಲಸ.

ಕಡಿಮೆ ಬರೆಯುವುದರಲ್ಲಿ ನನಗೆ ತುಂಬ ಹಿಡಿಸಿದ ಉದಾಹರಣೆ ವಿಕಿಪೀಡಿಯದ್ದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಹುಡುಕಾಟವೂ ಬೇರೆಲ್ಲ ಭಾಷೆಗಳ ವಿಕಿಪೀಡಿಯದ ಹಾಗೆ ಸಿರಸ್‌ಸರ್ಚ್ ಎಂಬ ವಿಸ್ತರಣೆಯ ಮೇಲೆ ನಡೆಯುತ್ತದೆ. ಅಲ್ಲಿ ಒಂದು ಟೆಂಪ್ಲೇಟ್ ತಿದ್ದಿದರೆ ಅದನ್ನು ಬಳಸಿದ ಸಾವಿರಾರು ಪುಟಗಳನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಆದರೆ ಹೆಚ್ಚಿನ ಪುಟಗಳಲ್ಲಿ ಹುಡುಕಾಟಕ್ಕೆ ಬೇಕಾದ ಪಠ್ಯ ಏನೂ ಬದಲಾಗಿರುವುದಿಲ್ಲ. ಹಾಗಿದ್ದಾಗ ಹೋಲಿಸಿ ನೋಡಿ, ಒಂದೇ ಆಗಿದ್ದರೆ ಬರೆಯದೆ ಬಿಟ್ಟುಬಿಡುತ್ತದೆ. ಇನ್ನೂ ಸ್ವಾರಸ್ಯದ್ದು: ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳಿಂದ ಕೊಂಡಿ ಇದೆ ಎಂಬ ಎಣಿಕೆ ಫಲಿತಾಂಶದ ಕ್ರಮಕ್ಕೆ ಬೇಕು. ಆ ಎಣಿಕೆ ಶೇ. 20ಕ್ಕಿಂತ ಕಡಿಮೆ ಬದಲಾಗಿದ್ದರೆ ಅದನ್ನು ಬದಲಾವಣೆ ಅಂತಲೇ ಪರಿಗಣಿಸುವುದಿಲ್ಲ. ಸಾವಿರ ಕೊಂಡಿ ಇದ್ದದ್ದು ಸಾವಿರದ ಮೂರು ಆದರೆ ಯಾರ ಫಲಿತಾಂಶ ಏನು ಬದಲಾದೀತು? ಎಲಾಸ್ಟಿಕ್‌ಸರ್ಚಿನ ಅಪ್‌ಡೇಟ್ ಕೋರಿಕೆಯಲ್ಲೂ ಏನೂ ಬದಲಾಗದಿದ್ದರೆ ಬರೆಯದಿರುವ ಗುಣ ಇದೆ. ಆದರೆ ಇಡೀ ದಾಖಲೆ ಕಳಿಸುವ ಇಂಡೆಕ್ಸ್ ಕೋರಿಕೆಗೆ ಅದಿಲ್ಲ, ಕಳಿಸಿದರೆ ಬರೆದೇ ಬರೆಯುತ್ತದೆ.

ಇದರಿಂದಲೇ ತಮ್ಮನಿಗೆ ನಾನು ಕೊಟ್ಟ ಮುಖ್ಯ ಸಲಹೆ: ನಿಮಿಷ ನಿಮಿಷಕ್ಕೆ ಬದಲಾಗುವುದನ್ನು ಇಂಡೆಕ್ಸಿಗೆ ಹಾಕಲೇಬೇಡ. ಹೋಂಸ್ಟೇಯ ಹೆಸರು, ಊರು, ವಿವರಣೆ, ಸೌಲಭ್ಯ ಎಲ್ಲ ಇಂಡೆಕ್ಸಿನಲ್ಲಿರಲಿ. ಇವತ್ತು ತೆರೆದಿದೆಯೋ, ಕೋಣೆ ಖಾಲಿ ಇದೆಯೋ ಅನ್ನೋದು ಡೇಟಾಬೇಸಿನಲ್ಲೇ ಇರಲಿ. ಯಾರೋ ಹುಡುಕಿದಾಗ ಇಂಡೆಕ್ಸ್ ಕೊಡುವುದು ಹತ್ತು ಸಂಖ್ಯೆಗಳನ್ನು. ಆ ಹತ್ತರ ಸ್ಥಿತಿಯನ್ನು ಆಗಲೇ ಡೇಟಾಬೇಸಿನಿಂದ ಕೇಳಿ ಪಕ್ಕದಲ್ಲಿ ತೋರಿಸು. ಸಂಖ್ಯೆ ಕೊಟ್ಟು ಹತ್ತು ಸಾಲು ಕೇಳುವುದು ಡೇಟಾಬೇಸಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. 'ತೆರೆದಿರುವುದು ಮಾತ್ರ ತೋರಿಸು' ಅಂತ ಸೋಸುವ ಸೌಲಭ್ಯಕ್ಕೆ ಇಂಡೆಕ್ಸಿನಲ್ಲೂ ಆ ಗುರುತು ಇರಬೇಕಾಗುತ್ತದೆ, ನಿಜ. ಅದು ಕೆಲವು ಸೆಕೆಂಡು ಹಿಂದಿರಬಹುದು. ಪರದೆಯ ಮೇಲೆ ಬರುವ ಕೊನೆಯ ಮಾತು ಮಾತ್ರ ಡೇಟಾಬೇಸಿನದೇ ಆಗಿರಲಿ.

ಇದಕ್ಕೆ ಪೂರ್ತಿ ವಿರುದ್ಧದ ಸಮಸ್ಯೆಯೂ ನಮ್ಮೂರಲ್ಲೇ ಇದೆ. ಕಳಸ ಹೋಬಳಿ ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಈಗ ಕಳಸವೇ ತಾಲ್ಲೂಕು. ಡೇಟಾಬೇಸಿನಲ್ಲಿ ಊರುಗಳ ಟೇಬಲಿನಲ್ಲಿ ಕೆಲವು ಸಾಲು ಬದಲಿಸಿದರೆ ಮುಗಿಯಿತು. ಆದರೆ ಇಂಡೆಕ್ಸಿನಲ್ಲಿ ತಾಲ್ಲೂಕಿನ ಹೆಸರನ್ನು ಪ್ರತಿ ದಾಖಲೆಯೊಳಗೂ ಬಿಡಿಬಿಡಿಯಾಗಿ ಬರೆದಿರುತ್ತಾರೆ, ವೇಗಕ್ಕಾಗಿ. ಸಂಸೆಯ ಒಂದೊಂದು ಹೋಂಸ್ಟೇ, ಒಂದೊಂದು ಜೀಪಿನ ದಾಖಲೆಯೂ ಮತ್ತೆ ಬರೆಯಬೇಕು. ಇಲ್ಲಿ ಉಪಾಯ ಏನೆಂದರೆ ಬದಲಾದ ಊರುಗಳ ದಾಖಲೆಗಳ ಸಂಖ್ಯೆಗಳನ್ನು ಅದೇ ಔಟ್‌ಬಾಕ್ಸಿಗೆ, ತುರ್ತಿಲ್ಲದ ಸಾಲಿಗೆ ಸುರಿಯುವುದು. ಸರ್ವರ್ ಬಿಡುವಾದಾಗ ಅವು ನಿಧಾನಕ್ಕೆ ಕರಗುತ್ತವೆ. ಹಾಗೆ ಬರೆಯುವಾಗ 'ಮೂಡಿಗೆರೆ'ಯನ್ನು ಪೂರ್ತಿ ಕಿತ್ತು ಹಾಕಬೇಡಿ. ಹಳೆಯ ಹೆಸರು ಅಂತ ಬೇರೆ ಫೀಲ್ಡಿನಲ್ಲಿ ಇರಲಿ. ಹಳೆಯ ಅಭ್ಯಾಸದವರು ಇವತ್ತಿಗೂ 'ಮೂಡಿಗೆರೆ ತಾಲ್ಲೂಕು ಸಂಸೆ' ಅಂತಲೇ ಟೈಪ್ ಮಾಡುವುದು.

ಟೈಪ್ ಮಾಡುವುದರದ್ದೂ ಒಂದು ಕತೆ. ಒಬ್ಬರು ತಾಲ್ಲೂಕು ಅಂತಾರೆ, ಇನ್ನೊಬ್ಬರು ತಾಲೂಕು. ಕುದುರೆಮುಖ, ಕುದ್ರೆಮುಖ ಎರಡೂ ಇವೆ. ಕಣ್ಣಿಗೆ ಕಾಣದ ಜೋಡಣೆಯ ಅಕ್ಷರಗಳು ಬೇರೆ ಪದದ ನಡುವೆ ನುಸುಳಿ, ನೋಡಲು ಒಂದೇ ಆದ ಎರಡು ಪದಗಳನ್ನು ಬೇರೆ ಮಾಡಿಬಿಡುತ್ತವೆ. ಇವನ್ನೆಲ್ಲ ಒಂದಾಗಿಸುವ ನಿಯಮಗಳನ್ನು ಇಂಡೆಕ್ಸ್ ಮಾಡುವ ಹೊತ್ತಿಗೇ ಅನ್ವಯಿಸುತ್ತಾರೆ. ಆ ನಿಯಮ ಬದಲಿಸಿದ ದಿನ ಮಾತ್ರ ಬಿಡಿ ಅಪ್‌ಡೇಟ್ ಸಾಲದು. ಹಳೆಯ ದಾಖಲೆಗಳೆಲ್ಲ ಹಳೆಯ ನಿಯಮದಲ್ಲೇ ಕೂತಿರುತ್ತವೆ, ಇಡೀ ಇಂಡೆಕ್ಸನ್ನು ಮತ್ತೆ ಕಟ್ಟಲೇಬೇಕು.

ಆಗಲೂ ಇರುವುದನ್ನು ಅಳಿಸಿ ಕಟ್ಟಬೇಡಿ. ಪಕ್ಕದಲ್ಲಿ ಹೊಸ ಹೆಸರಿನ ಇಂಡೆಕ್ಸ್ ಕಟ್ಟಿ. ಕಟ್ಟುವಷ್ಟು ಹೊತ್ತು ಔಟ್‌ಬಾಕ್ಸಿನಿಂದ ಬರುವ ಬದಲಾವಣೆಗಳನ್ನು ಎರಡಕ್ಕೂ ಕಳಿಸಿ. ಆವೃತ್ತಿ ಸಂಖ್ಯೆ ಇರುವುದರಿಂದ ಹಳೆಯದು ಹೊಸದನ್ನು ಮೆಟ್ಟುವ ಭಯ ಇಲ್ಲ. ಅಳಿಸಿದ ದಾಖಲೆಗಳ ವಿಷಯದಲ್ಲಿ ಮಾತ್ರ ಜೋಕೆ: ಅಳಿಸಿದ್ದರ ಆವೃತ್ತಿಯನ್ನು ಎಲಾಸ್ಟಿಕ್‌ಸರ್ಚ್ ತಾನಾಗಿ ನೆನಪಿಡುವುದು 60 ಸೆಕೆಂಡು ಅಷ್ಟೇ. ಹಾಗಾಗಿ ಕಟ್ಟಿ ಮುಗಿದ ಮೇಲೆ ಡೇಟಾಬೇಸಿನ ಸಂಖ್ಯೆಗಳನ್ನೂ ಹೊಸ ಇಂಡೆಕ್ಸಿನ ಸಂಖ್ಯೆಗಳನ್ನೂ ಒಂದು ಸಲ ಹೋಲಿಸಿ, ಹೆಚ್ಚಾಗಿ ಉಳಿದದ್ದನ್ನು ತೆಗೆಯಿರಿ. ಆಮೇಲೆ, ಅಪ್ಲಿಕೇಶನ್ ಬಳಸುವ ಅಡ್ಡಹೆಸರನ್ನು, ಅಂದರೆ ಅಲಿಯಾಸನ್ನು, ಹಳೆಯ ಇಂಡೆಕ್ಸಿನಿಂದ ಹೊಸದಕ್ಕೆ ಒಂದೇ ಏಟಿಗೆ ತಿರುಗಿಸಿ. ಹುಡುಕುತ್ತಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯದನ್ನು ಎರಡು ದಿನ ಹಾಗೇ ಇಟ್ಟು, ಯಾರೂ ಫೋನ್ ಮಾಡದಿದ್ದರೆ ಅಳಿಸಿ.